ಬಿಳಿ ಪರದೆಯ ಹಿಂದಿನ ಲೆಕ್ಕ
ಜಾಲತಾಣದ ಮೆಮೊರಿ ಮಿತಿಯನ್ನು ಹೆಚ್ಚಿಸುವ ಮುನ್ನ

ಆರ್ಥಿಕ ವರ್ಷದ ಕೊನೆಗೆ ಅನೇಕ ವರ್ತಕರು ಎದುರಿಸುವ ತೊಂದರೆಯೊಂದಿದೆ. ದಾಸ್ತಾನು ಪಟ್ಟಿಯನ್ನೋ ಇಡೀ ವರ್ಷದ ಬಿಲ್ಲುಗಳ ವಿವರವನ್ನೋ ಪಡೆಯಲು ತಮ್ಮ ಜಾಲತಾಣದಲ್ಲಿ ಗುಂಡಿ ಒತ್ತಿದರೆ ಪರದೆ ಬರೀ ಬಿಳಿ. ಹನ್ನೊಂದು ತಿಂಗಳು ಸರಾಗವಾಗಿ ನಡೆದ ವ್ಯವಸ್ಥೆ ಹನ್ನೆರಡನೆಯ ತಿಂಗಳಿಗೆ ಕೈಕೊಡುತ್ತದೆ. ಗ್ರಾಹಕನ ಆರ್ಡರ್ ಹೀಗೆ ಅರ್ಧಕ್ಕೆ ನಿಂತರಂತೂ ಆತ ದೂರು ಕೊಡುವ ಗೋಜಿಗೆ ಹೋಗುವುದಿಲ್ಲ. ಬೇರೆ ಅಂಗಡಿಗೆ ಹೋಗುತ್ತಾನೆ.

ಸಣ್ಣ ಉದ್ಯಮಗಳ ಬಹುಪಾಲು ಜಾಲತಾಣಗಳು ಪಿಎಚ್‌ಪಿ ಭಾಷೆಯಲ್ಲಿ ರಚಿತವಾಗಿವೆ. ರಾಸ್ಮಸ್ ಲೆರ್ಡೋರ್ಫ್ 1995ರಲ್ಲಿ ಬಿಡುಗಡೆ ಮಾಡಿದ ಈ ಭಾಷೆಯಲ್ಲಿ ಪ್ರತಿಯೊಂದು ಸ್ಕ್ರಿಪ್ಟ್ ಬಳಸಬಹುದಾದ ಮೆಮೊರಿಗೆ ಮಿತಿಯುಂಟು. ಒಂದು ಕೆಟ್ಟ ಸ್ಕ್ರಿಪ್ಟ್ ಇಡೀ ಸರ್ವರನ್ನು ನುಂಗದಿರಲೆಂಬುದೇ ಇದರ ಉದ್ದೇಶ. ಹಳೆಯ ಆವೃತ್ತಿಗಳಲ್ಲಿ 8 ಎಂಬಿ ಇದ್ದ ಈ ಮಿತಿ ಈಗ ಸಹಜವಾಗಿ 128 ಎಂಬಿ. ದೋಷ ಸಂದೇಶದಲ್ಲಿ ಕಾಣುವ 134217728 ಬೈಟ್ ಎಂಬ ವಿಚಿತ್ರ ಸಂಖ್ಯೆ ಇದೇ 128 ಎಂಬಿ. ಪರದೆ ಬಿಳಿಯಾಗಿದ್ದರೆ ಆ ಸಂದೇಶವನ್ನು ಸರ್ವರಿನ ದೋಷ ದಾಖಲೆಯಲ್ಲಿ ಹುಡುಕಬೇಕು. ಅದು ತೋರಿಸುವ ಸಾಲು ಮೆಮೊರಿ ತೀರಿದ ಸ್ಥಳವೇ ಹೊರತು, ಅದನ್ನು ಖರ್ಚು ಮಾಡಿದ ಸ್ಥಳವೇ ಆಗಿರಬೇಕೆಂದಿಲ್ಲ.

ಅನೇಕ ವೇಳೆ ತಪ್ಪಿತಸ್ಥ ಸರಕಿನ ಛಾಯಾಚಿತ್ರವೇ. ಮೊಬೈಲಿನಲ್ಲಿ ತೆಗೆದ 4000 ಅಗಲ, 3000 ಎತ್ತರದ ಚಿತ್ರದ ಕಡತ ಮೂರು ನಾಲ್ಕು ಎಂಬಿ ಮಾತ್ರ ಇರಬಹುದು. ಆದರೆ ಅದನ್ನು ಚಿಕ್ಕದಾಗಿಸಲು ಸರ್ವರ್ ಪೂರ್ತಿ ಬಿಚ್ಚಿಕೊಳ್ಳಬೇಕು. 120 ಲಕ್ಷ ಚುಕ್ಕಿಗಳಿಗೆ ತಲಾ 4 ಬೈಟ್ ಹಿಡಿದರೆ 480 ಲಕ್ಷ ಬೈಟ್. ತಿರುಗಿಸುವಾಗ, ಅಂಚು ಕತ್ತರಿಸುವಾಗ ಅದೇ ಅಳತೆಯ ಮೂರು ಪ್ರತಿಗಳು ಒಮ್ಮೆಲೇ ಉಳಿದುಕೊಂಡರೆ ಮಿತಿ ಮೀರಿತು. ಚಿತ್ರವನ್ನು ಏರಿಸುವ ಮೊದಲೇ ಕಿರಿದುಗೊಳಿಸುವುದು ಕಾಸು ಖರ್ಚಿಲ್ಲದ ಪರಿಹಾರ.

ದಾಸ್ತಾನು ಪಟ್ಟಿಯ ಕಥೆ ಬೇರೆ. ಗೋದಾಮಿನ ಸರಕನ್ನೆಲ್ಲ ಗಲ್ಲಾಪೆಟ್ಟಿಗೆಯ ಮುಂದೆ ರಾಶಿ ಹಾಕಿ ಎಣಿಸುವವರುಂಟೇ? ಆದರೂ ಎಷ್ಟೋ ಸ್ಕ್ರಿಪ್ಟ್‌ಗಳು ಸಾವಿರಾರು ಸಾಲುಗಳನ್ನು ಒಟ್ಟಿಗೆ ಮೆಮೊರಿಗೆ ತುಂಬಿಕೊಂಡು ಆಮೇಲೆ ಬರೆಯಲು ಕೂರುತ್ತವೆ. ಒಂದು ಸಾಲು ಓದಿ, ಬರೆದು, ಬಿಟ್ಟು, ಮುಂದಿನದಕ್ಕೆ ಹೋಗುವಂತೆ ಬದಲಾಯಿಸಿದರೆ ವ್ಯವಹಾರ ಹತ್ತು ಪಟ್ಟು ಬೆಳೆದರೂ ಮೆಮೊರಿಯ ಬಳಕೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ತಂತ್ರಜ್ಞರಿಗೆ ಇದು ದೊಡ್ಡ ಕೆಲಸವೇನಲ್ಲ, ಕೇಳುವವರು ಬೇಕಷ್ಟೆ.

ಮಿತಿಯನ್ನೇ ಹೆಚ್ಚಿಸುವುದು ಸುಲಭದ ದಾರಿ. ಪಿಎಚ್‌ಪಿಯ ಸಂರಚನಾ ಕಡತದಲ್ಲಿ 256ಎಂ ಎಂದು ಬರೆದು ಸರ್ವರನ್ನು ಪುನರಾರಂಭಿಸಿದರಾಯಿತು. 256ಎಂಬಿ ಎಂದು ಬರೆದರೆ ಮಾತ್ರ ಅನರ್ಥ: ಕೊನೆಯ ಅಕ್ಷರದ ಅರ್ಥವಾಗದೆ ಅದು ಬರಿಯ 256 ಬೈಟ್ ಎಂದು ಪರಿಗಣಿತವಾಗುತ್ತದೆ. ಮಿತಿಯೇ ಬೇಡವೆಂದು ಋಣ 1 ಎಂದು ನಮೂದಿಸುವುದು ಹಂಚಿಕೆಯ ಸರ್ವರಿನಲ್ಲಿ ಹೊಣೆಗೇಡಿತನ. ಮಿತಿ ಪ್ರತಿ ಸ್ಕ್ರಿಪ್ಟ್‌ಗೂ ಪ್ರತ್ಯೇಕವೆಂಬುದನ್ನು ಮರೆಯುವವರೇ ಹೆಚ್ಚು: 512 ಎಂಬಿ ಕೊಟ್ಟು, 20 ಗ್ರಾಹಕರ ಕೋರಿಕೆಗಳು ಒಮ್ಮೆಗೇ ಅಷ್ಟನ್ನೂ ಬಳಸಿದರೆ 10 ಜಿಬಿ ಬೇಕು.

ಹೋಸ್ಟಿಂಗ್ ಸಂಸ್ಥೆ ದುಬಾರಿ ಯೋಜನೆಗೆ ಬದಲಾಗಲು ಸೂಚಿಸಿದಾಗ ಹಣ ಕಟ್ಟುವ ಮುನ್ನ ತಂತ್ರಜ್ಞರಿಂದ ಒಂದು ಅಂಕಿಯನ್ನು ಪಡೆಯುವುದು ಲೇಸು: ಆ ಸ್ಕ್ರಿಪ್ಟ್ ಬಳಸಿದ ಗರಿಷ್ಠ ಮೆಮೊರಿ ಎಷ್ಟು? ಅದನ್ನು ಅಳೆದು ಹೇಳುವ ಸೌಲಭ್ಯ ಪಿಎಚ್‌ಪಿಯಲ್ಲಿಯೇ ಇದೆ. ನೂರು ಬಿಲ್ಲುಗಳಿಗೊಮ್ಮೆ, ಸಾವಿರ ಬಿಲ್ಲುಗಳಿಗೊಮ್ಮೆ ಅಳೆದಾಗ ಅಂಕಿ ಏರುತ್ತಲೇ ಹೋದರೆ ದುರಸ್ತಿಯಾಗಬೇಕಾದದ್ದು ಸ್ಕ್ರಿಪ್ಟ್. ದೊಡ್ಡ ಸರ್ವರಿಗೆ ಕಟ್ಟಿದ ಹಣ ಮುಂದಿನ ಮಾರ್ಚ್‌ವರೆಗೆ ಮಾತ್ರ.