ಕಿಟಕಿಯ ಬೆಳಕಿನಲ್ಲಿ ಮೂರು ವರ್ಷ

ಬೆಟ್ಟದ ಅಂಚಿನಲ್ಲಿ, ಒಂದು ಪಾದ ಊರುವಷ್ಟೇ ಅಗಲದ ಜಾಡಿನ ಮೇಲೆ, ಐವತ್ತು ದಾಟಿದ ಹೆಂಗಸೊಬ್ಬರು ನಡೆದುಹೋಗುತ್ತಾರೆ. ತಲೆಗೆ ವಸ್ತ್ರ ಕಟ್ಟಿದ್ದಾರೆ. ಬಂಡೆಯ ಮುಂದೆ ಕೂತು, ಸಂದಿಗೆ ಮುಚ್ಚಿದ್ದ ಚಪ್ಪಡಿಕಲ್ಲನ್ನು ಮೆಲ್ಲನೆ ಸರಿಸುತ್ತಾರೆ. ಒಳಗೆ ಸಾಲಾಗಿ ಜೇನಿನ ಎರಿಗಳು, ಅವುಗಳ ಮೇಲೆ ಹೊದಿಕೆಯಂತೆ ಹುಳಗಳು. ಬರಿಗೈಯಲ್ಲೇ ಒಂದು ಎರಿ ಬಿಡಿಸಿಕೊಳ್ಳುತ್ತಾರೆ.

'ಹನಿಲ್ಯಾಂಡ್' ಎಂಬ ಸಾಕ್ಷ್ಯಚಿತ್ರ ಶುರುವಾಗುವುದು ಹೀಗೆ. ನೋಡುವವರ ಗಮನವೆಲ್ಲ ಆಕೆಯ ಪಾದಗಳ ಮೇಲೆ, ಆಮೇಲೆ ಕೈಗಳ ಮೇಲೆ. ಆ ಕೈಗಳನ್ನು ಅಷ್ಟು ಹತ್ತಿರದಿಂದ ತೋರಿಸಬೇಕಾದರೆ ಇನ್ನೊಬ್ಬರು ಕ್ಯಾಮೆರಾ ಹಿಡಿದು ಅದೇ ಬಂಡೆಯ ಬಳಿ, ಅದೇ ಹುಳಗಳ ನಡುವೆ ನಿಂತಿದ್ದಿರಬೇಕು ಎಂದು ಹೊಳೆಯುವುದು ಎಷ್ಟೋ ಹೊತ್ತಿನ ಮೇಲೆ. ಸಾಕ್ಷ್ಯಚಿತ್ರ ಮಾಡುವವರ ದುಡಿಮೆ ಬಹುಪಾಲು ಹೀಗೆ ಚೌಕಟ್ಟಿನ ಆಚೆಗೇ ಉಳಿಯುತ್ತದೆ.

ಆ ಹೆಂಗಸು ಹತಿಜೆ ಮುರಾತೊವಾ. ಊರು ಉತ್ತರ ಮ್ಯಾಸಿಡೋನಿಯಾದ ಬೆಕಿರ್ಲಿಯಾ. ಕರೆಂಟಿಲ್ಲ, ನಲ್ಲಿ ನೀರಿಲ್ಲ, ಸರಿಯಾದ ರಸ್ತೆಯೂ ಇಲ್ಲ. ಉಳಿದವರೆಲ್ಲ ಊರು ಬಿಟ್ಟು ಹೋಗಿದ್ದಾರೆ. ಹಾಸಿಗೆ ಹಿಡಿದ, ಕಣ್ಣು ಮಂಜಾದ ತಾಯಿ ನಾಜಿಫೆಯನ್ನು ನೋಡಿಕೊಳ್ಳುತ್ತ ಹತಿಜೆ ಒಬ್ಬರೇ ಅಲ್ಲಿದ್ದರು. ನಿರ್ದೇಶಕರಾದ ತಮಾರಾ ಕೊತೆವ್‌ಸ್ಕಾ ಮತ್ತು ಲ್ಯುಬೊಮಿರ್ ಸ್ಟೆಫಾನೊವ್ ಹತಿಜೆಯವರನ್ನು ಹುಡುಕಿಕೊಂಡು ಹೋದವರಲ್ಲ. ಆ ಪ್ರದೇಶದ ನಿಸರ್ಗದ ಬಗ್ಗೆ ಒಂದು ಕಿರುಚಿತ್ರಕ್ಕಾಗಿ ಸುತ್ತಾಡುತ್ತಿದ್ದಾಗ ಬಂಡೆಸಂದಿಯ ಜೇನು ಕಂಡಿತು. ಜೇನು ಇವರನ್ನು ತೋರಿಸಿತು. ಕಿರುಚಿತ್ರದ ಕೆಲಸ ಮೂರು ವರ್ಷದ ಚಿತ್ರೀಕರಣವಾಯಿತು. ಸೆರೆಯಾದ ದೃಶ್ಯ 400 ಗಂಟೆಗೂ ಹೆಚ್ಚು. ಪರದೆಗೆ ಬಂದದ್ದು ಸುಮಾರು ಒಂದೂವರೆ ಗಂಟೆ.

ಕಥಾಚಿತ್ರದಲ್ಲಿ ಬರವಣಿಗೆ ಮೊದಲು, ಚಿತ್ರೀಕರಣ ಆಮೇಲೆ. ಸಾಕ್ಷ್ಯಚಿತ್ರದಲ್ಲಿ, ಅದರಲ್ಲೂ ವೀಕ್ಷಣಾ ಶೈಲಿಯ ಚಿತ್ರಗಳಲ್ಲಿ, ಈ ಕ್ರಮ ತಿರುಗುಮುರುಗು. ವೀಕ್ಷಣಾ ಶೈಲಿಯೆಂದರೆ ಹಿನ್ನೆಲೆಯಲ್ಲಿ ವಿವರಿಸುವ ದನಿ ಇಲ್ಲದೆ, ಕ್ಯಾಮೆರಾದ ಮುಂದೆ ಕೂರಿಸಿ ಪ್ರಶ್ನೆ ಕೇಳದೆ, ನಡೆಯುವುದನ್ನು ನಡೆಯುವಾಗಲೇ ಹಿಡಿಯುವ ರೀತಿ. ನಮ್ಮಲ್ಲಿ ಹಿರಿಯರಿಗೆ ಸಾಕ್ಷ್ಯಚಿತ್ರವೆಂದರೆ ನೆನಪಾಗುವುದು ಟಾಕೀಸಿನಲ್ಲಿ ಸಿನಿಮಾಕ್ಕೆ ಮುಂಚೆ ಬರುತ್ತಿದ್ದ ಫಿಲ್ಮ್ಸ್ ಡಿವಿಜನ್ನಿನ ಚಿತ್ರಗಳು. 1948ರಲ್ಲಿ ಆರಂಭವಾದ ಆ ಸಂಸ್ಥೆಯ ಬಹಳಷ್ಟು ಚಿತ್ರಗಳಲ್ಲಿ ಗಂಭೀರ ದನಿಯೊಂದು ಎಲ್ಲವನ್ನೂ ತಿಳಿಸಿಹೇಳುತ್ತಿತ್ತು. ಆ ದನಿಯನ್ನು ತೆಗೆದುಬಿಟ್ಟರೆ ವಿವರಿಸುವ ಹೊಣೆಯೆಲ್ಲ ಕ್ಯಾಮೆರಾ, ಮೈಕು, ಕತ್ತರಿ ಈ ಮೂರರ ಮೇಲೆ ಬೀಳುತ್ತದೆ.

ಮೊದಲ ಕಷ್ಟ ಬೆಳಕಿನದು. ಹತಿಜೆಯವರ ಮನೆಯಲ್ಲಿ ಒಂದು ಪುಟ್ಟ ಕಿಟಕಿ, ಒಂದು ಒಲೆ, ರಾತ್ರಿಗೆ ದೀಪ. ಮನೆಯೊಳಗಿನ ಬಾಳು ಸಾಕ್ಷ್ಯಚಿತ್ರಕ್ಕೆ ಎಷ್ಟು ದೂರದ್ದಾಗಿತ್ತು ಎಂಬುದಕ್ಕೆ ನೂರು ವರ್ಷ ಹಿಂದಿನ ಒಂದು ಉದಾಹರಣೆ ಇದೆ. 1920-21ರಲ್ಲಿ ರಾಬರ್ಟ್ ಫ್ಲಾಹರ್ಟಿ ಕೆನಡಾದ ಉತ್ತರದಲ್ಲಿ, ಹಡ್ಸನ್ ಕೊಲ್ಲಿಯ ತೀರದ ಇನುಯಿಟ್ ಜನರ ನಡುವೆ 'ನಾನೂಕ್ ಆಫ್ ದಿ ನಾರ್ತ್' ಚಿತ್ರೀಕರಿಸಿದರು. ಹಿಮದ ಇಟ್ಟಿಗೆಯ ಮನೆ, ಇಗ್ಲೂ, ಅದರೊಳಗೆ ಆ ಕಾಲದ ಫಿಲ್ಮಿಗೆ ಬೆಳಕು ಸಾಲದು. ಅದಕ್ಕಾಗಿ ಅರ್ಧಕ್ಕೇ ತೆರೆದಿಟ್ಟ ಇಗ್ಲೂ ಸಿದ್ಧಪಡಿಸಿದರು. ಚಿತ್ರದಲ್ಲಿ ಮನೆಮಂದಿ ಬೆಚ್ಚಗೆ ಮಲಗಿ ಏಳುವಂತೆ ಕಾಣುವ ದೃಶ್ಯದಲ್ಲಿ ಅವರು ನಿಜವಾಗಿ ಬಯಲ ಚಳಿಯಲ್ಲಿದ್ದರು.

ಈಗಿನ ಡಿಜಿಟಲ್ ಕ್ಯಾಮೆರಾ ಮಂದ ಬೆಳಕಿನಲ್ಲೂ ಕಾಣುತ್ತದೆ. ಆದರೆ ಅದು ಬಿಟ್ಟಿಯಾಗಿ ಸಿಗುವ ಅನುಕೂಲವಲ್ಲ. ಕತ್ತಲಲ್ಲಿ ಲೆನ್ಸಿನ ಬಾಯಿಯನ್ನು ಪೂರ್ತಿ ತೆರೆಯಬೇಕು. ಹಾಗೆ ತೆರೆದಾಗ ಸ್ಪಷ್ಟವಾಗಿ ಮೂಡುವ ಆಳ ತೀರ ತೆಳ್ಳಗಾಗುತ್ತದೆ. ಕಣ್ಣು ಸ್ಪಷ್ಟವಿದ್ದರೆ ಕಿವಿ ಮಂಜು. ಕೂತವರು ನಾಲ್ಕು ಬೆರಳಿನಷ್ಟು ಮುಂದಕ್ಕೆ ಬಾಗಿದರೆ ಮುಖವೇ ಮಸುಕು. ಆದ್ದರಿಂದ ಛಾಯಾಗ್ರಾಹಕರ ಎಡಗೈ ಸದಾ ಫೋಕಸ್ ಬಳೆಯ ಮೇಲಿರುತ್ತದೆ. ಎದುರಿನವರು ಬಾಗುವ ಮುಂಚೆಯೇ ಬಾಗುತ್ತಾರೆಂದು ಅದು ತಿಳಿದಿರಬೇಕು. ಮನೆಗೆ ಹೊಸಬರಾದವರ ಕೈಗೆ ಇದು ಸಾಧ್ಯವಿಲ್ಲ. ತಾಯಿಗೆ ಉಣಿಸುವ ಮೊದಲು ಮಗಳು ಯಾವ ಕಡೆಯಿಂದ ಬಂದು ಕೂರುತ್ತಾಳೆ, ಸೌದೆ ಒಟ್ಟುವಾಗ ಯಾವ ಮಗ್ಗುಲಿಗೆ ತಿರುಗುತ್ತಾಳೆ ಎಂಬುದನ್ನೆಲ್ಲ ಮೈಗೂಡಿಸಿಕೊಂಡವರಿಗೆ ಮಾತ್ರ ಸಾಧ್ಯ. ಫೆಯ್ಮಿ ದಾವುತ್ ಮತ್ತು ಸಮೀರ್ ಲ್ಯುಮಾ, ಈ ಇಬ್ಬರು ಛಾಯಾಗ್ರಾಹಕರು ಆ ಒಂದು ಕೋಣೆಯಲ್ಲಿ ಕಿಟಕಿಯ ಬೆಳಕನ್ನೂ ದೀಪದ ಬೆಳಕನ್ನೂ ಬಳಸಿದ ರೀತಿ ನೋಡಿದರೆ, ಮನೆಯ ಗೋಡೆಗಳು ಅವರಿಗೆ ಎಷ್ಟು ಪರಿಚಿತವಾಗಿದ್ದವು ಎಂದು ತಿಳಿಯುತ್ತದೆ. 2019ರ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಛಾಯಾಗ್ರಹಣಕ್ಕಾಗಿಯೇ ಒಂದು ವಿಶೇಷ ಪ್ರಶಸ್ತಿ ಈ ಚಿತ್ರಕ್ಕೆ ಬಂತು.

ಕ್ಯಾಮೆರಾ ಹಿಡಿಯುವವರಿಗೆ ಇನ್ನೊಂದು ಶಿಸ್ತು ಬೇಕು. ನಡೆಯುತ್ತಿರುವುದು ಮುಗಿಯಿತು ಎನಿಸಿದ ಮೇಲೂ ಕ್ಯಾಮೆರಾ ನಿಲ್ಲಿಸದೆ, ಮನಸ್ಸಿನಲ್ಲೇ ಹತ್ತು ಎಣಿಸುವುದು. ಮಾತು ಮುಗಿಸಿದವರ ಮುಖ ಸಡಿಲವಾಗುವುದು ಆ ಹತ್ತು ಎಣಿಕೆಯಲ್ಲೇ. ಹೊಸಬರು ಮಾತಿನ ಹಿಂದೆ ಓಡುತ್ತಾರೆ: ಇವರು ಮಾತಾಡಿದರೆ ಇವರ ಕಡೆ, ಅವರು ಮಾತಾಡಿದರೆ ಅವರ ಕಡೆ. ನುರಿತವರು ಕೇಳಿಸಿಕೊಳ್ಳುವವರ ಮುಖದ ಮೇಲೆ ನಿಲ್ಲುತ್ತಾರೆ. ನಡುನಡುವೆ ಕೈ, ಕೆಟಲ್, ಬಾಗಿಲು, ನಾಯಿ, ಇಂಥ ಬಿಡಿ ಚಿತ್ರಗಳನ್ನೂ ತೆಗೆದಿಟ್ಟುಕೊಳ್ಳುತ್ತಾರೆ. ಇವುಗಳಿಗೆ ಕಟ್‌ಅವೇ ಎನ್ನುತ್ತಾರೆ. ಒಂದು ಗಂಟೆಯ ಮಾತುಕತೆಯನ್ನು ಎರಡು ನಿಮಿಷಕ್ಕೆ ಇಳಿಸುವಾಗ ಬೀಳುವ ಗಾಯಗಳನ್ನು ಹೊಲಿಯುವ ದಾರ ಇದು.

ಇನ್ನು ಸದ್ದು. ಚಿತ್ರವನ್ನು ಒಂದು ಯಂತ್ರ, ಸದ್ದನ್ನು ಇನ್ನೊಂದು ಯಂತ್ರ ಹಿಡಿಯುವುದು ಸಿನಿಮಾದ ಹಳೆಯ ಪದ್ಧತಿ. ಎರಡನ್ನೂ ಆಮೇಲೆ ಹೊಂದಿಸಲೆಂದೇ ಶಾಟಿನ ಮೊದಲು ಕ್ಲಾಪ್ ಹಲಗೆ ಬಡಿಯುವುದು: ಹಲಗೆಗಳು ಕೂಡಿದ ಚಿತ್ರವೂ 'ಟಪ್' ಎಂಬ ಸದ್ದೂ ಒಂದೇ ಕ್ಷಣಕ್ಕೆ ಸೇರಬೇಕು. ಆದರೆ ಮುದುಕಿಯೊಬ್ಬರು ನೋವಿನಿಂದ ನರಳುತ್ತಿರುವ ಕೋಣೆಯಲ್ಲಿ ಹಲಗೆ ಬಡಿಯುವುದು ಹೇಗೆ? 1960ರ ಸುಮಾರಿಗೆ ಹೆಗಲ ಮೇಲೆ ಹೊರಬಹುದಾದ 16 ಎಂಎಂ ಕ್ಯಾಮೆರಾಗಳೂ, ನಾಗ್ರಾ ಎಂಬ ಪುಟ್ಟ ಧ್ವನಿಮುದ್ರಕವೂ ಒಟ್ಟಿಗೆ ಬಳಕೆಗೆ ಬಂದವು. ಅಲ್ಲಿಂದ ಮುಂದೆ ಜನರ ಮಾತನ್ನು ಅವರು ಆಡುವಲ್ಲಿಗೇ ಹೋಗಿ, ಆಡುವಾಗಲೇ ಹಿಡಿಯುವುದು ಸಾಧ್ಯವಾಯಿತು.

ಧ್ವನಿಗ್ರಾಹಕರ ಕೆಲಸದಲ್ಲಿ ನನಗೆ ತುಂಬ ಸೋಜಿಗವೆನಿಸುವುದು ಅವರು ಮೌನವನ್ನೂ ಮುದ್ರಿಸಿಕೊಳ್ಳುವುದು. ಪ್ರತಿ ಜಾಗದಲ್ಲೂ ಎಲ್ಲರೂ ಸುಮ್ಮನಿರುವಾಗ ಅರ್ಧ ನಿಮಿಷವೋ ಒಂದು ನಿಮಿಷವೋ ಮೈಕ್ ತೆರೆದಿಟ್ಟಿರುತ್ತಾರೆ. ಇದಕ್ಕೆ ರೂಮ್ ಟೋನ್ ಎಂದು ಹೆಸರು. ಮಣ್ಣುಗೋಡೆಯ ಕೋಣೆಯ ಮೌನ ಬೇರೆ, ತಗಡಿನ ಛಾವಣಿಯ ಕೆಳಗಿನ ಮೌನ ಬೇರೆ, ಹಿಮ ಬಿದ್ದ ಬಯಲಿನ ಮೌನವೇ ಬೇರೆ. ಸಂಕಲನದಲ್ಲಿ ಒಂದು ಮಾತು ಕತ್ತರಿಸಿದಾಗ ಅಲ್ಲೊಂದು ತೂತು ಬೀಳುತ್ತದೆ. ಆ ತೂತಿಗೆ ಅದೇ ಕೋಣೆಯ ಮೌನವನ್ನು ತೇಪೆ ಹಾಕದಿದ್ದರೆ ಕಿವಿ ತಟ್ಟನೆ ಎಚ್ಚರಗೊಳ್ಳುತ್ತದೆ.

ಉಪಕರಣ ಹಗುರವಾದರೂ ಫಿಲ್ಮು ಹಗುರವಾಗಿರಲಿಲ್ಲ, ಬೆಲೆಯಲ್ಲಿ. 400 ಅಡಿಯ ಒಂದು 16 ಎಂಎಂ ಸುರುಳಿ ಓಡುವುದು ಸುಮಾರು 11 ನಿಮಿಷ. ಗುಂಡಿ ಒತ್ತುವ ಮುಂಚೆ ಇದು ಬೇಕೇ ಎಂದು ಪ್ರತಿ ಬಾರಿ ಕೇಳಿಕೊಳ್ಳಬೇಕಾದ ಕಾಲ ಅದು. ನಮ್ಮ ನಿಪ್ಪಾಣಿಯಲ್ಲಿ ತಯಾರಾದ ಒಂದು ಚಿತ್ರವನ್ನು ಇಲ್ಲಿ ನೆನೆಯಬೇಕು. 1980ರಲ್ಲಿ ಬೆಂಗಳೂರಿನಲ್ಲಿ ದೀಪಾ ಧನರಾಜ್ ಮತ್ತು ಗೆಳೆಯರು ಯುಗಾಂತರ್ ಎಂಬ ಸ್ತ್ರೀವಾದಿ ಚಿತ್ರತಂಡ ಕಟ್ಟಿದರು. ಛಾಯಾಗ್ರಾಹಕ ನವ್ರೋಜ್ ಕಾಂಟ್ರಾಕ್ಟರ್ ಆ ತಂಡದಲ್ಲಿದ್ದರು. ನಿಪ್ಪಾಣಿಯ ತಂಬಾಕು ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಹೆಂಗಸರು ಸಂಘಟಿತರಾಗಿ ಹೋರಾಡಿದ ಬಗೆಯನ್ನು ಹೇಳುವ 'ತಂಬಾಕೂ ಚಾಕಿಲಾ ಊಬ್ ಆಲಿ' 1982ರಲ್ಲಿ ಬಂತು. ಹೆಸರೂ ಮಾತೂ ಮರಾಠಿ, ಗಡಿಯ ಆ ಊರಿನಲ್ಲಿ ಹೆಂಗಸರ ಬಾಯಲ್ಲಿದ್ದ ನುಡಿ. ಚಿತ್ರದ ಉದ್ದ ಅರ್ಧ ಗಂಟೆಯೂ ಇಲ್ಲ. ಕ್ಯಾಮೆರಾ ಓಡುವ ಮೊದಲು ಕಾರ್ಮಿಕರ ಜೊತೆ ಕೂತು ಕೇಳಿಸಿಕೊಂಡ ಹೊತ್ತು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಏನನ್ನು ತೋರಿಸಬೇಕು, ಹೇಗೆ ತೋರಿಸಬೇಕು ಎಂಬುದರಲ್ಲಿ ಆ ಹೆಂಗಸರೂ ಪಾಲುದಾರರಾದರು. ಹನಿಲ್ಯಾಂಡ್ ತಂಡ ಮೂರು ವರ್ಷ ಕ್ಯಾಮೆರಾ ಓಡಿಸುತ್ತ ಗಳಿಸಿದ ಸಲುಗೆಯನ್ನು ನಿಪ್ಪಾಣಿಯಲ್ಲಿ ಮೊದಲೇ, ಫಿಲ್ಮು ಮುಟ್ಟದೆ ಗಳಿಸಿಕೊಳ್ಳಬೇಕಾಗಿತ್ತು. ಎರಡರಲ್ಲಿ ಯಾವುದು ಹೆಚ್ಚಿನ ಕೌಶಲ ಎಂದು ಕೇಳಿದರೆ ನಾನು ನಿಪ್ಪಾಣಿಯ ಕಡೆ ವಾಲುತ್ತೇನೆ.

ಬೆಕಿರ್ಲಿಯಾಕ್ಕೆ ಮರಳೋಣ. ಚಿತ್ರೀಕರಣ ನಡೆಯುತ್ತಿದ್ದಾಗ ಅಲ್ಲಿಗೆ ಅಲೆಮಾರಿ ಕುಟುಂಬವೊಂದು ದನಗಳನ್ನು ಹೊಡೆದುಕೊಂಡು ಬಂತು: ಹುಸೇನ್, ಆತನ ಹೆಂಡತಿ, ಏಳು ಮಕ್ಕಳು. ಪಾಳು ಬಿದ್ದ ಊರಿನಲ್ಲಿ ಮಕ್ಕಳ ಗಲಾಟೆ ತುಂಬಿತು. ಹತಿಜೆಯವರಿಗೆ ಅದು ಸಂತೋಷವೇ. ಜೇನು ಸಾಕುವುದನ್ನು ಹುಸೇನನೂ ಶುರುಮಾಡಿದ. ಅರ್ಧ ನಮಗೆ, ಅರ್ಧ ಹುಳಗಳಿಗೆ ಎಂಬುದು ಹತಿಜೆಯವರ ನೇಮ. ಹುಸೇನನ ಬೆನ್ನ ಹಿಂದೆ ವ್ಯಾಪಾರಿಯ ಒತ್ತಾಯ, ಮುಂದೆ ಒಂಬತ್ತು ಹೊಟ್ಟೆ. ಅವನು ಪೂರ್ತಿ ತೆಗೆದ. ಹಸಿದ ಹುಳಗಳು ಹತಿಜೆಯವರ ಗೂಡುಗಳ ಮೇಲೆ ಬಿದ್ದವು. ಒಂದು ಬೇಲಿಯ ಎರಡು ಕಡೆ ನಡೆದ ಇಷ್ಟರಲ್ಲಿ ಹಳ್ಳಿಯೂ ಮಾರುಕಟ್ಟೆಯೂ ಎದುರುಬದುರಾದವು. ಇದನ್ನು ಯಾರೂ ಬರೆದಿರಲಿಲ್ಲ. ಅಲ್ಲಿ ಇದ್ದುದರಿಂದ ಸಿಕ್ಕಿತು.

ಸಿಕ್ಕಿದ 400 ಗಂಟೆಯನ್ನು ಚಿತ್ರವಾಗಿಸುವುದು ಸಂಕಲನ. ದಿನಕ್ಕೆ ಎಂಟು ಗಂಟೆ ಬಿಡದೆ ನೋಡಿದರೂ ಒಂದು ಸಲ ನೋಡಿ ಮುಗಿಸಲಿಕ್ಕೇ 50 ದಿನ. ಇಲ್ಲಿ ಮತ್ತೊಂದು ತೊಡಕಿತ್ತು. ಹತಿಜೆ ಮತ್ತು ನೆರೆಯವರು ಆಡುತ್ತಿದ್ದುದು ಬಾಲ್ಕನ್ ಸೀಮೆಯ ಟರ್ಕಿಷ್. ನಿರ್ದೇಶಕರಿಗೆ ಆ ಭಾಷೆ ಬರುತ್ತಿರಲಿಲ್ಲ. ಸಂಕಲನಕಾರ ಅತನಾಸ್ ಜಾರ್ಜಿಯೆವ್ ಜೊತೆ ಕೂತು ಅವರು ಚಿತ್ರವನ್ನು ಮೊದಲು ಮಾತಿನ ಹಂಗಿಲ್ಲದೆ, ದೃಶ್ಯಗಳಷ್ಟನ್ನೇ ನೆಚ್ಚಿ ಕಟ್ಟಿದರು. ಯಾರು ಯಾರತ್ತ ನೋಡಿದರು, ಯಾರು ಮುಖ ತಿರುಗಿಸಿದರು, ಯಾರ ಕೈ ಅರ್ಧಕ್ಕೇ ನಿಂತಿತು ಎಂಬುದರಿಂದಲೇ ಜಗಳ ಯಾವುದು, ಸಲುಗೆ ಯಾವುದು ಎಂದು ತಿಳಿದುಕೊಂಡರು. ಮಾತಿನ ಅನುವಾದ ಕೂಡಿದ್ದು ಆಮೇಲೆ. ದೃಶ್ಯವೇ ಹೊತ್ತು ನಡೆದ ಚಿತ್ರವಾದ್ದರಿಂದ, ಆ ಭಾಷೆಯ ಒಂದಕ್ಷರ ಬಾರದ ನಮಗೂ ಅದು ಎಲ್ಲೂ ಅರ್ಥವಾಗದೆ ಉಳಿಯುವುದಿಲ್ಲ.

ಸಂಕಲನದ ದಾರಿ ಒಬ್ಬೊಬ್ಬರದು ಒಂದೊಂದು. ಆಸ್ಪತ್ರೆ, ಶಾಲೆ, ನ್ಯಾಯಾಲಯ, ಗ್ರಂಥಾಲಯಗಳ ದಿನನಿತ್ಯವನ್ನೇ ಐದು ದಶಕಗಳಿಗೂ ಹೆಚ್ಚು ಕಾಲ ಚಿತ್ರಿಸಿದ ಅಮೆರಿಕದ ಫ್ರೆಡರಿಕ್ ವೈಸ್‌ಮನ್ ಮೈಕನ್ನು ತಾವೇ ಹಿಡಿದು, ಛಾಯಾಗ್ರಾಹಕರಿಗೆ ಸನ್ನೆಯಲ್ಲೇ ಸೂಚನೆ ಕೊಡುತ್ತಿದ್ದರು. ಚಿತ್ರೀಕರಣ ಕೆಲವೇ ವಾರ. ಸಂಕಲನ ವರ್ಷದ ಹತ್ತಿರ. ಮೊದಲು ಬಿಡಿ ಪ್ರಸಂಗಗಳನ್ನು ಒಂದೊಂದಾಗಿ ಒಪ್ಪ ಮಾಡುತ್ತಿದ್ದರು, ಅವುಗಳ ಕ್ರಮದ ಯೋಚನೆ ಕೊನೆಗೆ. 2013ರ ಅವರ 'ಅಟ್ ಬರ್ಕ್ಲಿ' ಚಿತ್ರ 250 ಗಂಟೆಯಿಂದ ನಾಲ್ಕು ಗಂಟೆಗೆ ಇಳಿದದ್ದು.

ಸಂಕಲನದ ಮೇಜಿನ ಮೇಲೆ ಅತಿ ಸುಲಭದ ಕೆಲಸವೆಂದರೆ ಒಬ್ಬ ಮನುಷ್ಯನನ್ನು ಖಳನನ್ನಾಗಿ ಮಾಡುವುದು. ಹುಸೇನ್ ಗದರುವ ಹತ್ತು ಶಾಟು ಸಾಲಾಗಿ ಇಟ್ಟರೆ ಮುಗಿಯಿತು. ಹನಿಲ್ಯಾಂಡ್ ಹಾಗೆ ಮಾಡುವುದಿಲ್ಲ. ಹುಳ ಕಚ್ಚಿ ಅಳುವ ಅವನ ಮಕ್ಕಳು, ಅವಸರ ಮಾಡುವ ವ್ಯಾಪಾರಿಯ ಎದುರು ಅವನ ಮುಖ, ಹತಿಜೆಯವರ ಬಳಿ ಕೂತು ಜೇನಿನ ವಿದ್ಯೆ ಕಲಿಯುತ್ತ ಅಪ್ಪನನ್ನು ಪ್ರಶ್ನಿಸುವ ಅವನ ಮಗ, ಇವೆಲ್ಲಕ್ಕೂ ಜಾಗ ಬಿಟ್ಟಿದೆ. ಒಂದೂವರೆ ಗಂಟೆಯಲ್ಲಿ ಆ ಜಾಗ ಮಾಡಿಕೊಡಬೇಕಾದರೆ ಬೇರೆ ಎಷ್ಟು ಚೆಂದದ ದೃಶ್ಯಗಳನ್ನು ಬಿಡಬೇಕಾಯಿತೋ.

ಕಟ್ಟಕಡೆಯ ಕೆಲಸ ಅಡಿಬರಹ. ಪರದೆಯ ಕೆಳಗೆ ಹೆಚ್ಚೆಂದರೆ ಎರಡು ಸಾಲು, ಓದಲು ಕೆಲವೇ ಸೆಕೆಂಡು. ಕಣ್ಣು ಅಕ್ಷರ ಓದುವಷ್ಟು ಹೊತ್ತು ಮುಖವನ್ನು ಕಳೆದುಕೊಳ್ಳುತ್ತದೆ. ಆದ್ದರಿಂದ ಅನುವಾದಕರು ಒಂದೊಂದು ಪದವನ್ನೂ ತೂಗಿ ಉಳಿದದ್ದನ್ನು ಮುಖಕ್ಕೆ ಬಿಡುತ್ತಾರೆ. ಹನಿಲ್ಯಾಂಡಿನ ಕೊನೆಯ ಭಾಗದಲ್ಲಿ, ಚಳಿಗಾಲದಲ್ಲಿ, ನಾಜಿಫೆ ತೀರಿಕೊಳ್ಳುತ್ತಾರೆ. ಹುಸೇನನ ಸಂಸಾರ ಊರು ಬಿಟ್ಟು ಹೋಗಿದೆ. ಹತಿಜೆ ನಾಯಿಯನ್ನು ಕರೆದುಕೊಂಡು ಮತ್ತೆ ಬಂಡೆಯ ಕಡೆ ಹೊರಡುತ್ತಾರೆ, ಎರಿಯ ತುಂಡೊಂದನ್ನು ಬಾಯಿಗಿಡುತ್ತಾರೆ, ನಾಯಿಗೂ ಕೊಡುತ್ತಾರೆ. ಪರದೆಯ ಕೆಳಗಿನ ಆ ಎರಡು ಸಾಲಿನ ಜಾಗ ಅಷ್ಟು ಹೊತ್ತೂ ಖಾಲಿಯಾಗಿರುತ್ತದೆ.