ಕೋರಿರೊಟ್ಟಿ, ಪದ್ಮಿನಿ ಮತ್ತು ಬಳಿ

ಠಾಣೆಯ ವರ್ತಕ ನಗರದಿಂದ ಡೊಂಬಿವಲಿ, ಕಲ್ಯಾಣಗಳವರೆಗೆ ನೆಲೆಸಿರುವ ಕರಾವಳಿ ಮೂಲದ ಕುಟುಂಬಗಳ ಹರಟೆಯಲ್ಲಿ ಊಟ, ಹಳೆಯ ಕಾರು ಮತ್ತು ಹುಡುಗ-ಹುಡುಗಿಯರ ಒಡನಾಟದ ವಿಷಯಗಳು ಒಂದರೊಳಗೊಂದು ಬೆರೆಯುವುದು ಸಹಜ. ಊರು ಬಿಟ್ಟು ಬಂದವರಿಗೆ ಸಸ್ಯಾಹಾರಿ ಊಟವನ್ನು ಮಾಟುಂಗಾದಲ್ಲಿ 1942ರಲ್ಲಿ ಆರಂಭವಾದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಂಥ ಭೋಜನಗೃಹಗಳು ಒದಗಿಸಿದವು. ಕೋರಿರೊಟ್ಟಿಯ, ಅಂದರೆ ಅಕ್ಕಿಯ ಗರಿಗರಿ ರೊಟ್ಟಿಯ ಮೇಲೆ ತೆಂಗಿನಹಾಲಿನ ಕೋಳಿಸಾರು ಸುರಿದು ತಿನ್ನುವ ಖಾದ್ಯದ, ನಿಜವಾದ ನೆಲೆ ಮಾತ್ರ ಇಂದಿಗೂ ಮನೆಯ ಅಡುಗೆಕೋಣೆಯೇ.

ಕಾರಿನ ಚರಿತ್ರೆ ಈ ಪ್ರದೇಶಕ್ಕೆ ಇನ್ನೂ ಹತ್ತಿರದ್ದು. ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆಯಲ್ಲಿ 1964ರಿಂದ ಫಿಯೆಟ್ 1100 ಡಿಲೈಟ್ ಎಂದು ತಯಾರಾಗುತ್ತಿದ್ದ ಕಾರು 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎನಿಸಿಕೊಂಡಿತು. ಸ್ಟೀರಿಂಗಿನ ಪಕ್ಕದಲ್ಲೇ ಗೇರ್ ಇದ್ದ, ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಈ ವಾಹನವು ಲೈಸೆನ್ಸ್ ವ್ಯವಸ್ಥೆಯ ಕಾಲದ ಕೊರತೆಯಿಂದಲೇ ಪ್ರತಿಷ್ಠೆ ಗಳಿಸಿತೆನ್ನಬಹುದು. ಅದೇ ಸಂಸ್ಥೆ 1990ರ ದಶಕದಲ್ಲಿ ಫ್ರಾನ್ಸಿನ ಪ್ಯೂಜೊ ಜೊತೆಗೂಡಿ ಕಲ್ಯಾಣದಲ್ಲಿ 309 ಮಾದರಿಯನ್ನು ತಯಾರಿಸಿತಾದರೂ ಆ ಸಾಹಸ ಬಹುಕಾಲ ಬಾಳಲಿಲ್ಲ. ಪದ್ಮಿನಿ ಟ್ಯಾಕ್ಸಿಗಳು ಮುಂಬಯಿಯ ರಸ್ತೆಗಳಿಂದ 2023ರ ಅಕ್ಟೋಬರ್ ಕೊನೆಗೆ ನಿರ್ಗಮಿಸಿದವು.

ಮದುವೆಯ ಮಾತಿನಲ್ಲಿ ಬಂಟರಂಥ ಸಮುದಾಯಗಳು ಬಳಿಯನ್ನು, ಅಂದರೆ ತಾಯಿಯ ಕಡೆಯಿಂದ ಬರುವ ಕುಲವಿಭಾಗವನ್ನು, ಗಣಿಸುತ್ತವೆ. ಒಂದೇ ಬಳಿಯವರು ಒಡಹುಟ್ಟಿದವರಿಗೆ ಸಮಾನರಾದ್ದರಿಂದ ಅವರೊಳಗೆ ಸಂಬಂಧ ಕೂಡದು. ಕಾಲೇಜು, ಕಚೇರಿ, ಮೊಬೈಲ್ ಆ್ಯಪ್‌ಗಳ ಮೂಲಕ ಪರಸ್ಪರ ಪರಿಚಯವಾಗುವ ತರುಣರ ವಿಷಯದಲ್ಲಿ ಬಳಿ ಯಾವುದೆಂಬ ಹಿರಿಯರ ಮೊದಲ ಪ್ರಶ್ನೆ ಎಷ್ಟೋ ಸಲ ಪ್ರೀತಿ ಗಟ್ಟಿಯಾದ ಮೇಲೆಯೇ ಏಳುತ್ತದೆ.