ಬೇಸಿಗೆಗೆ ಮೊದಲು ಹೊಗೆಕೊಳವೆ

ಇಂಗ್ಲಿಷ್ ಕಥೆಗಳಲ್ಲಿ 'ಫೈರ್‌ಪ್ಲೇಸ್' ಎಂಬ ಮಾತು ಆಗಾಗ ಬರುತ್ತದೆ. ಚಳಿ ದೇಶದ ಮನೆಗಳಲ್ಲಿ ಗೋಡೆಯೊಳಗೆ ಕಟ್ಟಿದ ಅಗ್ಗಿಷ್ಟಿಕೆ ಅದು. ಬೇಸಿಗೆ ಬಂತೆಂದರೆ ಅಲ್ಲಿಯವರು ಬೂದಿ ತೆಗೆದು, ಹೊಗೆಕೊಳವೆ ಗುಡಿಸಿ, ಅದರ ಬಾಯಿ ಮುಚ್ಚಿಡುತ್ತಾರೆ. ಮುಂದಿನ ಚಳಿಗಾಲದವರೆಗೆ ಅದಕ್ಕೆ ರಜೆ. ನಮ್ಮ ಗುಡೇಕೋಟೆಯಲ್ಲಿ ಒಲೆಗೆ ರಜೆಯೇ ಇಲ್ಲ. ಬಂಡೆಗಲ್ಲುಗಳು ಕಾದು ಕೆಂಡವಾಗುವ ಏಪ್ರಿಲ್‌ನಲ್ಲೂ ರೊಟ್ಟಿ ಬೇಯಬೇಕು. ಗ್ಯಾಸ್ ಸಿಲಿಂಡರ್ ಬಂದಿದೆ ನಿಜ. ಆದರೂ ರೊಟ್ಟಿಗೆ, ಸ್ನಾನದ ನೀರಿಗೆ, ಹಬ್ಬದ ದೊಡ್ಡ ಅಡುಗೆಗೆ ಎಷ್ಟೋ ಮನೆಗಳಲ್ಲಿ ಇಂದಿಗೂ ಸೌದೆ ಒಲೆಯೇ. ಬಳ್ಳಾರಿ ಜಾಲಿ ಕಾಸಿಲ್ಲದೆ ಸಿಗುತ್ತದೆ, ಸಿಲಿಂಡರ್ ಸಿಗುವುದಿಲ್ಲ.

ಆದ್ದರಿಂದ ನಮ್ಮ ಕಡೆ ಬೇಸಿಗೆಯ ತಯಾರಿ ಎಂದರೆ ಕೊಳವೆ ಮುಚ್ಚುವುದಲ್ಲ, ಅದನ್ನು ಚೆನ್ನಾಗಿ ತೆರೆದಿಡುವುದು. ಇದಕ್ಕೆ ಕಾರಣ ನಮ್ಮ ಭೌತಶಾಸ್ತ್ರದ ಪಾಠದಲ್ಲೇ ಇದೆ.

ಹೊಗೆಕೊಳವೆಯಲ್ಲಿ ಹೊಗೆ ಮೇಲೇರುವುದು ಯಾವ ಫ್ಯಾನಿನಿಂದಲೂ ಅಲ್ಲ. ಕೊಳವೆಯೊಳಗಿನ ಬಿಸಿ ಗಾಳಿ ಹಗುರ, ಹೊರಗಿನ ಗಾಳಿ ಭಾರ. ಈ ಭಾರದ ವ್ಯತ್ಯಾಸವೇ ಹೊಗೆಯನ್ನು ಮೇಲಕ್ಕೆ ತಳ್ಳುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.20 ಕಿಲೋಗ್ರಾಂ. 40 ಡಿಗ್ರಿಯಲ್ಲಿ ಅದು 1.13 ಕಿಲೋಗ್ರಾಂ. ಕೊಳವೆಯೊಳಗೆ 150 ಡಿಗ್ರಿ ಇದ್ದರೆ ಅಲ್ಲಿನ ಗಾಳಿ ಸುಮಾರು 0.83 ಕಿಲೋಗ್ರಾಂ. ಈಗ ಕಳೆದು ನೋಡಿ. ಚಳಿಗಾಲದ ಬೆಳಗ್ಗೆ ವ್ಯತ್ಯಾಸ 0.37, ಬೇಸಿಗೆಯ ಮಧ್ಯಾಹ್ನ 0.30. ಅಂದರೆ ಅದೇ ಒಲೆ, ಅದೇ ಕೊಳವೆ, ಆದರೆ ಹೊಗೆ ಎಳೆಯುವ ಶಕ್ತಿ ಬೇಸಿಗೆಯಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆ. ಚಳಿಗಾಲದಲ್ಲಿ ಹೇಗೋ ನಡೆದುಹೋಗುವ ಅರ್ಧ ಕಟ್ಟಿಕೊಂಡ ಕೊಳವೆ ಬೇಸಿಗೆಯಲ್ಲಿ ಕೈಕೊಡುವುದು ಇದಕ್ಕೇ.

ಆ ಹೊಗೆ ಹೋಗುವುದು ಎಲ್ಲಿಗೆ? ಒಲೆ ಮುಂದೆ ಕುಳಿತವರ ಕಣ್ಣಿಗೆ, ಎದೆಗೆ. ಅಡುಗೆಮನೆಯ ಹೊಗೆಯಿಂದಾಗುವ ವಾಯುಮಾಲಿನ್ಯಕ್ಕೆ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಬಲಿಯಾದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ನಮ್ಮ ಮನೆಯಲ್ಲಿ ಒಲೆ ಮುಂದೆ ಹೆಚ್ಚು ಹೊತ್ತು ಕೂರುವವರು ಅಮ್ಮ, ಅಜ್ಜಿ. ಅವರ ಪಕ್ಕದಲ್ಲೇ ಆಡುವವರು ಚಿಕ್ಕ ಮಕ್ಕಳು. ಮಾರ್ಚ್‌ನಲ್ಲಿ ಪರೀಕ್ಷೆಗೆ ಓದುವ ನಾವೂ ಅದೇ ಸೂರಿನಡಿ ಇರುತ್ತೇವೆ.

ಹೊಗೆಕೊಳವೆ ನಮ್ಮ ಹಳ್ಳಿಗಳಿಗೆ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ಕುಮಾರ್ ರೆಡ್ಡಿಯವರು 'ಅಸ್ತ್ರ' ಎಂಬ ವಿಭಾಗ ಆರಂಭಿಸಿದರು. ಹಳ್ಳಿಗೆ ಬೇಕಾದ ವಿಜ್ಞಾನ ಅದರ ಗುರಿ. 80ರ ದಶಕದಲ್ಲಿ ಅಲ್ಲಿಂದ ಬಂದದ್ದೇ 'ಅಸ್ತ್ರ ಒಲೆ'. ಮೂರು ಪಾತ್ರೆ ಇಡಲು ಮೂರು ಬಾಯಿ, ಕೆಳಗೆ ಗಾಳಿಯಾಡಲು ಜಾಲರಿ, ಕೊನೆಗೆ ಹೊಗೆಕೊಳವೆ. ಕರ್ನಾಟಕದ ಹಳ್ಳಿ ಹಳ್ಳಿಗಳಲ್ಲಿ ಇಂಥ ಹೊಗೆರಹಿತ ಒಲೆಗಳನ್ನು ಕಟ್ಟಿದರು. ಒಲೆ ಎಷ್ಟೇ ಒಳ್ಳೆಯದಿದ್ದರೂ ಕೊಳವೆ ಕಟ್ಟಿಕೊಂಡರೆ ಅದೂ ಹೊಗೆ ಒಲೆಯೇ ಆಗುತ್ತದೆ.

ಇನ್ನು ತಯಾರಿಯ ವಿಷಯ. ನಮ್ಮ ಮನೆಯಲ್ಲಿ ಶಿವರಾತ್ರಿ ಕಳೆದು ಬಿಸಿಲು ಬಲಿಯುವ ಮೊದಲು ಈ ಕೆಲಸ ಮುಗಿಸುತ್ತೇವೆ. ಹಬ್ಬಕ್ಕೆ ಸುಣ್ಣ ಬಳಿಯುವ ಮುಂಚೆ, ಅದು ಯುಗಾದಿಯಾಗಲಿ ರಂಜಾನ್ ಆಗಲಿ, ತೊಲೆಗೆ ಜೋತ ಇಲ್ಲಣ ಹೊಡೆಯುವ ರೂಢಿ ಎಲ್ಲ ಮನೆಗಳಲ್ಲಿದೆ. ಅದೇ ದಿನ ಕೊಳವೆಯೊಳಗಿನ ಇಲ್ಲಣವನ್ನೂ ತೆಗೆದರೆ ಆಯಿತು.

ಮೊದಲನೆಯದು, ಒಂದು ಹಗಲು ಒಂದು ರಾತ್ರಿ ಒಲೆ ಆರಿರಬೇಕು. ಬೂದಿಯೊಳಗೆ ಕೆಂಡ ಬಹಳ ಹೊತ್ತು ಜೀವ ಹಿಡಿದಿರುತ್ತದೆ. ತೆಗೆದ ಬೂದಿಗೆ ನೀರು ಚಿಮುಕಿಸಿ ಕಬ್ಬಿಣದ ಬಾಣಲೆಯಲ್ಲಿ ಇಡಿ. ಸೊಪ್ಪೆ ಬಣವೆಯ ಹತ್ತಿರ ಸುರಿಯಬೇಡಿ.

ಎರಡನೆಯದು, ಒಲೆಯ ಬಾಯಿಗಳಿಗೆಲ್ಲ ಒದ್ದೆ ಗೋಣಿಚೀಲ ಮುಚ್ಚಿ. ಉದ್ದ ಬಿದಿರಿನ ತುದಿಗೆ ಗೋಣಿ ತುಂಡು ಅಥವಾ ತೆಂಗಿನ ನಾರು ಬಿಗಿದು, ಮೇಲಿನಿಂದ ಕೆಳಗೆ ನಿಧಾನವಾಗಿ ಉಜ್ಜಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಏಣಿ ಹಿಡಿಯಲು ಕೆಳಗೆ ಒಬ್ಬ ದೊಡ್ಡವರಿರಲಿ. ಕೊಳವೆ ಆಸ್ಬೆಸ್ಟಾಸ್ ಸಿಮೆಂಟಿನದಾದರೆ ಅದನ್ನು ಒಣಗಿದ್ದಾಗ ಕೆರೆಯಬಾರದು, ಕೊಯ್ಯಬಾರದು. ಅದರ ಎಳೆ ಪುಪ್ಪುಸಕ್ಕೆ ಹೋದರೆ ಅಪಾಯ. ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಬಿರುಕು ಬಿಟ್ಟಿದ್ದರೆ ಬದಲಾಯಿಸುವುದೇ ಲೇಸು.

ಮೂರನೆಯದು, ಬಿರುಕು ಹುಡುಕುವುದು. ಒಲೆ ಹೊತ್ತಿಸಿ, ಕೊಳವೆಯ ಸಂದುಗಳ ಹತ್ತಿರ ಊದುಬತ್ತಿ ಹಿಡಿಯಿರಿ. ಅದರ ಹೊಗೆ ಸಂದಿನೊಳಕ್ಕೆ ಬಾಗಿದರೆ ಅಲ್ಲಿ ಬಿರುಕಿದೆ ಎಂದರ್ಥ. ಅಲ್ಲಿಂದ ತಣ್ಣನೆಯ ಗಾಳಿ ಒಳನುಗ್ಗಿ ಎಳೆತ ಇನ್ನೂ ಕುಗ್ಗುತ್ತದೆ. ಒಲೆ ಆರಿಸಿದ ಮೇಲೆ ಮಣ್ಣು, ಸಗಣಿ, ಹೊಟ್ಟು ಕಲಸಿ ಮೆತ್ತಿ ಒಣಗಲು ಬಿಡಿ.

ನಾಲ್ಕನೆಯದು, ಕೊಳವೆಯ ತಲೆ. ಅದು ಮಾಳಿಗೆಗಿಂತ ಎರಡು ಮೂರು ಅಡಿಯಾದರೂ ಮೇಲಿರಲಿ. ತಗಡಿನ ಟೋಪಿ ಭದ್ರವಾಗಿರಲಿ. ಮೇ ತಿಂಗಳ ಬಿರುಗಾಳಿಗೆ ಅದು ಹಾರಿಹೋದರೆ ಹಿಂದೆಯೇ ಬರುವ ಮಳೆನೀರು ಮಸಿಯೊಂದಿಗೆ ಗೋಡೆಗಿಳಿಯುತ್ತದೆ. ಗುಬ್ಬಿ, ಅಳಿಲು ಗೂಡು ಕಟ್ಟಿದ್ದರೆ ಒಲೆ ಹೊತ್ತಿಸುವ ಮೊದಲೇ ನೋಡಿಕೊಳ್ಳಿ. ಇನ್ನೊಂದು ಮಾತು: ಕೊಳವೆಯೊಳಗೆ ದಪ್ಪಗೆ ಕಟ್ಟಿದ ಮಸಿ ತಾನೇ ಹೊತ್ತಿಕೊಳ್ಳಬಲ್ಲದು. ಆಗ ಹಾರುವ ಕಿಡಿ ಒಣ ಬಣವೆಗೆ ಬಿದ್ದರೆ ಬೇಸಿಗೆಯ ಗಾಳಿಯಲ್ಲಿ ಅದನ್ನು ಆರಿಸುವುದು ಸುಲಭವಲ್ಲ. ಅದಕ್ಕೆ ನೀರೂ ಬೇಕಲ್ಲ!

ಹಳೆಯ ಮಾಳಿಗೆ ಮನೆಗಳಲ್ಲಿ ಕೊಳವೆ ಇರುವುದಿಲ್ಲ, ಗವಾಕ್ಷಿಯೇ ಹೊಗೆಯ ದಾರಿ. ಬಿಸಿಲು ಬೀಳುತ್ತದೆಂದು ಅದರ ಮೇಲೆ ಕಲ್ಲು ಎಳೆಯುವುದುಂಟು. ಅಡುಗೆ ಮುಗಿದ ಮೇಲೆ ಎಳೆಯಿರಿ, ಒಲೆ ಉರಿಯುವಾಗ ಬೇಡ. ಬಾಗಿಲನ್ನೂ ತೆರೆದಿಡಿ. ಹೊಗೆ ಹೊರಹೋಗಬೇಕಾದರೆ ಗಾಳಿ ಒಳಬರಲೇಬೇಕು.

ಬಚ್ಚಲ ಒಲೆಗೆ ಮಾತ್ರ ಬೇಸಿಗೆಯಲ್ಲಿ ನಿಜವಾದ ರಜೆ. ಅದರ ಬೂದಿ ಪೂರ್ತಿ ತೆಗೆದು, ಬಾಯಿಗೆ ಚಪ್ಪಡಿ ಮುಚ್ಚಿ. ನಮ್ಮದು ಕಲ್ಲುಗುಡ್ಡದ ಸೀಮೆ, ತಂಪು ಸಂದು ಕಂಡಲ್ಲಿ ಚೇಳು ಸೇರುತ್ತದೆ. ಒಲೆಯೊಳಗೂ ಸೌದೆ ರಾಶಿಗೂ ಕೈ ಹಾಕುವ ಮೊದಲು ಕೋಲಾಡಿಸಿ. ಬಹಳ ದಿನದ ಮೇಲೆ ಮಧ್ಯಾಹ್ನ ಆ ಒಲೆ ಹೊತ್ತಿಸಿದರೆ ಹೊಗೆ ಕೆಳಗೇ ಬರುವುದುಂಟು. ಕೊಳವೆಯೊಳಗಿನ ಗಾಳಿ ಆಗ ಹೊರಗಿನದಕ್ಕಿಂತ ತಣ್ಣಗಿರುತ್ತದೆ. ಕೊಳವೆಯ ಬುಡದಲ್ಲಿ ಒಂದು ಹಿಡಿ ಒಣಹುಲ್ಲು ಉರಿಸಿ ಅದನ್ನು ಮೊದಲು ಬಿಸಿಮಾಡಿದರೆ ಹೊಗೆ ದಾರಿ ಹಿಡಿಯುತ್ತದೆ.

ಬೇಸಿಗೆ ಕೊಡುವ ಒಂದು ಉಪಕಾರವೂ ಇದೆ, ಅದು ಬಿಸಿಲು. ಜಾಲಿ ಕಟ್ಟಿಗೆಯನ್ನು ಈಗಲೇ ಸೀಳಿ ಒಣಗಿಸಿ, ಮಳೆ ಬರುವ ಮೊದಲು ಸೂರಿನಡಿ ಒಟ್ಟಿ. ಹಸಿ ಸೌದೆಯ ಉರಿಯೆಲ್ಲ ನೀರನ್ನು ಆವಿಯಾಗಿಸುವುದರಲ್ಲೇ ಕಳೆಯುತ್ತದೆ. ಕೊಳವೆ ತಣ್ಣಗಾಗುತ್ತದೆ, ಎಳೆತ ಕುಗ್ಗುತ್ತದೆ, ಮಸಿ ಹೆಚ್ಚುತ್ತದೆ. ಈಗ ಒಣಗಿಸಿದ ಕಟ್ಟಿಗೆ ಮುಂದಿನ ವರ್ಷ ಕೊಳವೆ ಉಜ್ಜುವ ಶ್ರಮವನ್ನೂ ಉಳಿಸುತ್ತದೆ.

ಇಷ್ಟಕ್ಕೆ ಬೇಕಾದದ್ದು ಒಂದು ಬಿದಿರು, ಒಂದು ಗೋಣಿಚೀಲ, ಒಂದು ಬೆಳಗಿನ ಹೊತ್ತು. ವರ್ಷವಿಡೀ ಆ ಒಲೆಯ ರೊಟ್ಟಿ ತಿನ್ನುವವರು ನಾವು, ಹೊಗೆ ಕುಡಿಯುವವರು ಅವರು. ಈ ಕೆಲಸವನ್ನಾದರೂ ಅವರ ಪಾಲಿಗೆ ಬಿಡದೆ, ಹುಡುಗರು ಹುಡುಗಿಯರೆನ್ನದೆ, ನಾವೇ ಕೈಗೆತ್ತಿಕೊಳ್ಳೋಣ.